ಸುಮ್ಮನಿರದ ಕೈ

ನಮ್ಮ ಅಕ್ಕನ ಬಲಗೈ ಮೂರು ವರ್ಷ ಸುಮ್ಮನೆ ಕೂತಿರಲಿಲ್ಲ. ಉಣ್ಣುವಾಗಲೂ ಇಲ್ಲ, ಮಲಗಿದಾಗಲೂ ಇಲ್ಲ. ಮಂಚದ ಪಟ್ಟಿಯ ಮೇಲೆ ನಾಲ್ಕು ಬೆರಳು ಟಕಟಕ ಬಡಿಯುತ್ತಲೇ ಇರುತ್ತಿದ್ದವು. ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತಾನು ಬಾಗುವುದು, ನೆಟ್ಟಗಾಗುವುದು ಮಾಡಿಕೊಂಡಿರುತ್ತಿತ್ತು. ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯವರೆಗೂ ಹೊಟ್ಟೆಯಲ್ಲಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ತಾಳ್ಮೆ ಇದ್ದಿದ್ದರೆ ಹೇಳುವುದಕ್ಕೆ ಈ ಕತೆಯೂ ಇರುತ್ತಿರಲಿಲ್ಲ.

ನನ್ನ ಹೆಸರು ನೀಲಾಂಬಿಕಾ, ಮನೆಯಲ್ಲಿ ನೀಲಿ. ಕುಕ್ಕರಿನ ಹವೆ ಇಳಿಯುವ ಮೊದಲೇ ಮುಚ್ಚಳ ಎಳೆದು ಎರಡು ಸಲ ಮುಖಕ್ಕೆ ಬೇಳೆ ಹಾರಿಸಿಕೊಂಡವಳು. ಕೆಲಸ ಬೀದರಿನ ಹೊರಗಿನ ನರಾಲಯದಲ್ಲಿ, ಅಂದರೆ ಕತ್ತರಿಸಿಹೋದ ನರದ ಜಾಗದಲ್ಲಿ ಚಿನ್ನದ ಎಳೆ ಕೂರಿಸುವ ಆಸ್ಪತ್ರೆಯಲ್ಲಿ. ನಾನು ಡಾಕ್ಟರಲ್ಲ, ರಸಾಯನಶಾಸ್ತ್ರದವಳು. ಡಾಕ್ಟರು ಚಾಕು ಹಿಡಿಯುತ್ತಾರೆ, ನಾನು ಸೀಸೆ ಹಿಡಿಯುತ್ತೇನೆ.

ಕೆಲಸ ಕೇಳುವುದಕ್ಕೆ ಸುಲಭ. ಸತ್ತ ನರದ ದಾರಿಯಲ್ಲಿ ಕೂದಲಿಗಿಂತ ಸಣ್ಣದೊಂದು ಕೊಳವೆ ಎಳೆಯುತ್ತಾರೆ. ಅದರೊಳಗೆ ಚಿನ್ನ ಕರಗಿದ ದ್ರಾವಣ ತುಂಬುತ್ತೇವೆ. ಕರಗಿದ ಚಿನ್ನ ಚಿನ್ನದ ಹಾಗೆ ಕಾಣುವುದಿಲ್ಲ, ತೆಳು ಹಳದಿ ನೀರು ಅಷ್ಟೇ. ಅದು ಮತ್ತೆ ಲೋಹವಾಗಿ ಕೆಳಗಿಳಿಯಬೇಕಾದರೆ ಇನ್ನೊಂದು ವಸ್ತು ಬೆರೆಸಬೇಕು. ಪುಸ್ತಕದಲ್ಲಿ ಅದಕ್ಕೆ ಅಪಕರ್ಷಕ ಎಂದು ಹೆಸರು, ನಮ್ಮ ವಾರ್ಡಿನಲ್ಲಿ ‘ಇಳಿಸೋ ಔಷಧ’. ಅದು ತನ್ನ ಎಲೆಕ್ಟ್ರಾನುಗಳನ್ನು ಚಿನ್ನಕ್ಕೆ ಕೊಡುತ್ತದೆ. ಚಿನ್ನ ನೀರು ಬಿಟ್ಟು ಕೊಳವೆಯ ಉದ್ದಕ್ಕೂ ಎಳೆಯಾಗಿ ಕೂರುತ್ತದೆ. ಆಮೇಲೆ ಮೆದುಳಿನ ಮಾತು ಆ ಎಳೆಯ ಮೇಲೆ ಹಾದು ಬೆರಳಿಗೆ ಮುಟ್ಟುತ್ತದೆ.

ತಲೆನೋವೆಲ್ಲ ಆ ಔಷಧದ ಆಯ್ಕೆಯಲ್ಲಿ. ಸತುವಿನ ಪುಡಿ ಸಿಕ್ಕಿದ್ದನ್ನೆಲ್ಲ ಇಳಿಸುತ್ತದೆ, ಮೈಯೊಳಗೆ ಅದರ ಹೆಸರೆತ್ತುವಂತಿಲ್ಲ. ಅನ್ನಭೇದಿ, ಅಂದರೆ ಕಬ್ಬಿಣದ ಹಸಿರು ಉಪ್ಪು, ಹಳೆಯ ಕಾಲದಿಂದಲೂ ಚಿನ್ನದವರ ನಂಬಿಕೆಯದು, ಬೇರೆ ಲೋಹಗಳ ನಡುವೆ ಚಿನ್ನವನ್ನಷ್ಟೇ ಆರಿಸಿ ಇಳಿಸುತ್ತದೆ. ಆದರೆ ಅದರ ಕಬ್ಬಿಣ ಹಿಂದೆ ಉಳಿಯುತ್ತದೆ. ಆಕ್ಸಾಲಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ. ವಿಟಮಿನ್ ಸಿ ಒಂದೇ ಯಾರ ಗೋಜಿಗೂ ಹೋಗದೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತದೆ. ಇವತ್ತು ಹೊಲಿಗೆ, ನಾಳೆ ಮನೆ. ಅದನ್ನು ಕೊಟ್ಟು ಒಂಬತ್ತು ಸಾವಿರ ಕೈಗಳನ್ನು ಎಬ್ಬಿಸಿದ್ದೆವು.

ಎಬ್ಬಿಸಿದ ಮೇಲೆ ಗೊತ್ತಾಯಿತು, ಅವಸರದಲ್ಲಿ ಇಳಿದ ಚಿನ್ನ ಕಾಳುಕಾಳಾಗಿ ಬೀಳುತ್ತದೆ. ಬಸ್ಸು ಬಂದ ಕೂಡಲೇ ಎಲ್ಲರೂ ಬಾಗಿಲಿಗೆ ನುಗ್ಗಿದ ಹಾಗೆ. ಒಂದು ಕಾಳು ಇನ್ನೊಂದಕ್ಕೆ ತಾಗಿಯೂ ತಾಗದ ಹಾಗೆ ನಿಂತಿರುತ್ತದೆ, ಆ ಸಂದುಗಳಲ್ಲೆಲ್ಲ ಸದ್ದು ಹುಟ್ಟುತ್ತದೆ. ಬೆರಳಿಗೆ ಯಾವುದು ಸದ್ದು, ಯಾವುದು ಮೆದುಳಿನ ಮಾತು ಎಂದು ತಿಳಿಯುವುದಿಲ್ಲ. ಎಲ್ಲದಕ್ಕೂ ಕುಣಿಯುತ್ತದೆ. ಎಲ್ಲರ ಎಳೆಯಲ್ಲೂ ಸದ್ದು ಇದ್ದದ್ದೇ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಮ್ಮಿ.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ. ಭಾಲ್ಕಿಯ ಒಬ್ಬ ಮೇಷ್ಟ್ರು ಪಾಠ ಮಾಡುವಾಗ ಕೈಯನ್ನು ಕುರ್ಚಿಗೆ ಟವೆಲಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಚಹಾದ ಅಂಗಡಿಗಳಲ್ಲಿ ಚಿನ್ನದ ಕೈಯವರಿಗೆ ಕೇಳದೆಯೇ ಅರ್ಧ ಕಪ್ಪು ಕೊಡುವುದು ರೂಢಿಯಾಯಿತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮಿಂಚು ಹೊಡೆದಾಗ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರ ಕೈ ಒಟ್ಟಿಗೇ ಮೇಲೆ ಹಾರಿದ್ದನ್ನು ನಾನೇ ನೋಡಿದ್ದೇನೆ. ಅವರು ಮುಖಮುಖ ನೋಡಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ, ನಾಲ್ಕನೇ ಕೈ ನನ್ನ ಪಕ್ಕದಲ್ಲೇ ಇತ್ತು.

ನಮ್ಮ ಅಕ್ಕ, ಗಂಗಕ್ಕ, ಬಿದ್ರಿ ಕೆಲಸದವಳು. ಕಸಬು ಅಪ್ಪನಿಂದ ಬಂದದ್ದು. ಸತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಯಿಸಿದ ನೀರಿನಲ್ಲಿ ಅದ್ದಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ನಡೆಯುವುದಿಲ್ಲ. ಬಿಸಿಲು ಮಳೆ ಕಾಣದ ಮೂಲೆಯದೇ ಬೇಕು, ಅದನ್ನು ನಾಲಿಗೆಯ ಮೇಲಿಟ್ಟು ನೋಡಿಯೇ ಆರಿಸಬೇಕು. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಗುಳಿ, “ಇದು ಬ್ಯಾಡ, ಮಳಿ ಕಂಡದ” ಎನ್ನುತ್ತಾಳೆ. ನಾನು ಅದೇ ಮಣ್ಣನ್ನು ಕದ್ದು ಒಯ್ದು ನಮ್ಮ ಯಂತ್ರದಲ್ಲಿ ಪರೀಕ್ಷಿಸಿದ್ದೇನೆ. ಒಂದು ಸಲವೂ ಅವಳ ಮಾತು ಸುಳ್ಳಾಗಲಿಲ್ಲ. ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಮೂರು ವರ್ಷದ ಹಿಂದೆ ಬಸ್ಸಿನ ಕಿಟಕಿಯ ಗಾಜು ಒಡೆದು ಅವಳ ಮೊಣಕೈಯ ಮೇಲಿನ ನರ ಕತ್ತರಿಸಿತು. ಆಗಲೇ ನನ್ನ ಬೀರುವಿನಲ್ಲಿ ಇನ್ನೊಂದು ಇಳಿಸೋ ಔಷಧವಿತ್ತು. ಅಳಲೆಕಾಯಿಯ ಒಗರಿನಿಂದ ತೆಗೆದದ್ದು, ಮಹಾ ನಿಧಾನದ್ದು. ಅದರಲ್ಲಿ ಚಿನ್ನದ ಒಂದು ಕಣ ಇಳಿದು ಕೂತ ಮೇಲೆ, ಮುಂದಿನದು ಬಂದು ಅದರ ಪಕ್ಕಕ್ಕೇ ಅಂಟಿ ಕೂರುತ್ತದೆ. ಸಂದಿಲ್ಲದ ಎಳೆ. ಆದರೆ ಹನ್ನೊಂದು ದಿನ ಬೇಕು, ಹನ್ನೊಂದು ದಿನವೂ ಕೈ ಅಲುಗಬಾರದು. ಅಕ್ಕನ ಕೈ ಮಂಚದ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಅದನ್ನು ಹನ್ನೊಂದು ದಿನ ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. “ವಿಟಮಿನ್ ಸಿ ಕೊಡೋಣ” ಎಂದೆ. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಜಹೀರುದ್ದೀನ್ ನನ್ನ ಮುಖ ನೋಡಿ ಸರಿ ಅಂದರು. ಮರುದಿನ ಬೆರಳು ಅಲ್ಲಾಡಿದಾಗ ವಾರ್ಡಿಗೆಲ್ಲ ಪೇಡೆ ಹಂಚಿದೆ. ಅವಳ ಪಾಲಿಗೆ ಸದ್ದು ಹೆಚ್ಚಿನದೇ ಬಂದಿದೆ, ಬೆರಳು ನಿಲ್ಲುವುದೇ ಇಲ್ಲ ಎಂದು ತಿಳಿದದ್ದು ನಾಲ್ಕನೇ ದಿನ.

ಅಂದಿನಿಂದ ಮನೆಯ ಕೆಳಗಿನ ಬಿದ್ರಿ ಅಂಗಡಿಯ ಕೆಲಸವನ್ನು ಕೆಲಸಗಾರರು ಮಾಡುತ್ತಿದ್ದರು. ಅಕ್ಕನಿಗೆ ಉಳಿದದ್ದು ಮಣ್ಣಿನ ರುಚಿ ನೋಡುವುದೊಂದೇ. ಗಾಜು ಒಡೆದ ಹಿಂದಿನ ದಿನ ಅವಳು ಅರ್ಧ ಕೊರೆದಿದ್ದ ಹೂಜಿ ಕಪಾಟಿನಲ್ಲಿ ಹಾಗೇ ಕೂತಿತ್ತು. ಈ ಶ್ರಾವಣದ ಒಂದು ಮುಂಜಾನೆ ನಾನು ಕೆಳಗಿಳಿದು ಬಂದಾಗ ಆ ಹೂಜಿ ಅವಳ ಮಡಿಲಲ್ಲಿತ್ತು. ಉಳಿ ನೆಲದ ಮೇಲೆ ಬಿದ್ದಿತ್ತು. ಬಳ್ಳಿಯಿಂದ ಹೊರಟ ಒಂದು ಗೀರು ಹೂಜಿಯ ಕುತ್ತಿಗೆಯವರೆಗೂ ಹರಿದುಹೋಗಿತ್ತು.

“ನೀಲಿ, ಇದನ್ನ ತೆಗಿಲಾಕ ಬರ್ತದೇನು?” ಎಂದಳು.

“ಯಾವುದನ್ನ? ಗೀರನ್ನ?”

“ಕೈಯಾಗಿನ ಚಿನ್ನಾನ.”

“ತೆಗದ್ರ ಕೈ ಮತ್ತ ಸಾಯ್ತದಕ್ಕ.”

“ಸತ್ತ ಕೈ ಎಬ್ಬಸೋರು ನೀವೇ ಅಲ್ಲೇನು? ಒಮ್ಮೆ ಗಡಿಬಿಡಿಲಿ ಎಬ್ಬಸೀರಿ. ಈಗ ಬರೋಬ್ಬರಿ ಎಬ್ಬಸ್ರಿ.”

ಒಳಗಿನಿಂದ ಅವ್ವ ಬಂದಳು. ರೊಟ್ಟಿಯ ಹಿಟ್ಟು ಕೈಯಲ್ಲೇ ಇತ್ತು. “ಇದ್ದ ಕೈ ಕಳಕೊಂಡು ಕೂಡ್ತೀಯೇನು? ಕುಣದ್ರ ಕುಣೀಲಿ ಬಿಡು. ಉಣ್ಲಾಕರೇ ಆಗ್ತದಲ್ಲ.”

“ನಾ ಎಡಗೈಲಿ ಉಣ್ಲಾಕತ್ತಿ ಮೂರು ವರ್ಷ ಆತವ್ವ. ನೀ ನೋಡೇ ಇಲ್ಲೇನು?”

ಅವ್ವ ನೋಡಿದ್ದಳು, ನೋಡದ ಹಾಗೆ ಇದ್ದಳು. ಅವತ್ತು ಮನೆಯಲ್ಲಿ ರೊಟ್ಟಿ ಎಲ್ಲ ಸೀದವು.

ನರಾಲಯದಲ್ಲಿ ಡಾಕ್ಟರ್ ಜಹೀರುದ್ದೀನ್ ಮುಖ ಗಂಟಿಕ್ಕಿದರು. ಹಳೆಯ ಎಳೆಯನ್ನು ಕರಗಿಸಿ ಹೊರಗೆ ತೆಗೆಯಬಹುದಿತ್ತು. ಆದರೆ ಒಳಗಿನ ಕೊಳವೆ ಒಂದು ತೊಳೆತ ತಡೆಯುತ್ತದೆ, ಎರಡನೆಯದನ್ನು ತಡೆಯುವುದಿಲ್ಲ. ಅಂದರೆ ಈ ಸಲ ಚಿನ್ನ ಇಳಿಯದಿದ್ದರೆ ಆ ಕೈಗೆ ಇನ್ನೊಂದು ಸಲ ಎಂಬುದಿಲ್ಲ. ಅವರು ಒಂದು ಕರಾರು ಹಾಕಿದರು. “ಒಂಬತ್ತನೇ ದಿನ ನಾಕು ಗಂಟೆ ತನಕ ನೋಡೋಣ್ರಿ. ಎಳಿ ಕೂತದ ಅನ್ನೋ ಗುರುತು ಯಂತ್ರದ ತೆರಿ ಮ್ಯಾಲ ಬರ್ಲಿಲ್ಲಂದ್ರ, ಉಳದ ದ್ರಾವಣಕ್ಕ ವಿಟಮಿನ್ ಸಿ ಕೊಟ್ಟಬಿಡ್ರಿ. ಕುಣಿಯೋ ಕೈಯಾದ್ರೂ ಉಳೀತದ. ತಡ ಆದ್ರ ಚಿನ್ನ ಎಲ್ಲಾ ಸೋರಿ ಹೋಗಿ ಏನೂ ಸಿಗಂಗಿಲ್ಲ.”

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಯಾವ ಔಷಧ ಎಂದು ಗಟ್ಟಿಮಾಡುವುದಕ್ಕೆ ಒಂದು ವಾರ ಹಿಡಿಯಿತು. ಬೇರೆಬೇರೆ ಹದದ ಐದು ಕಷಾಯ ಮಾಡಿ ಗಾಜಿನ ನಳಿಗೆಗಳಲ್ಲಿಟ್ಟಿದ್ದೆ. ಎರಡನೆಯದು, ನಾಲ್ಕನೆಯದು ಎರಡೂ ಒಳ್ಳೆಯ ಎಳೆ ಕೊಡುತ್ತಿದ್ದವು. ಎರಡನೆಯದರಲ್ಲಿ ಆರು ದಿನಕ್ಕೆ ಮುಗಿಯುತ್ತಿತ್ತು. ನನ್ನ ಜೀವ ಅದರ ಕಡೆಗೇ ಎಳೆಯುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಅಕ್ಕ ರಕ್ತಪರೀಕ್ಷೆಗೆ ಬಂದವಳು ನನ್ನ ಕೋಣೆಯಲ್ಲಿ ಕೂತಿದ್ದಳು. ನಾನು ಕಾಗದ ತರಲು ಹೋಗಿ ಬರುವಷ್ಟರಲ್ಲಿ ಐದೂ ನಳಿಗೆಯ ಬಿರಡೆ ಬಿಚ್ಚಿದ್ದವು. ಎಡಗೈಯ ಬೆರಳು ಅವಳ ಬಾಯಲ್ಲಿತ್ತು.

“ಅಕ್ಕ, ತಲಿ ಕೆಟ್ಟದೇನು ನಿನಗ? ಇದು ಪ್ರಯೋಗಶಾಲಿ, ಉಪ್ಪಿನಕಾಯಿ ಅಂಗಡಿ ಅಲ್ಲ.”

“ಅಳಲಿಕಾಯಿನೇ ಅಲ್ಲ? ನಾವು ಸಣ್ಣೋರಿದ್ದಾಗ ಅವ್ವ ದಿನಾ ತೇದು ಕುಡಸ್ಯಾಳ. ಸಾಯಂಗಿಲ್ಲ ಬಿಡು.” ತುಟಿ ಒರೆಸಿಕೊಂಡಳು. “ಎರಡನೇದು ನಾಲಿಗಿ ಮ್ಯಾಲ ಇಟ್ಟಕೂಡ್ಲೇ ಹಿಡೀತದ. ನಾಕನೇದು ತಡದು ಹಿಡೀತದ, ಹಿಡದ ಮ್ಯಾಲ ಬಿಡಂಗಿಲ್ಲ. ನಂಗ ಅದನ್ನೇ ಕೊಡು.”

“ಅದಕ್ಕ ಹನ್ನೊಂದು ದಿನ ಬೇಕು.”

“ಬೇಕಾದ್ರ ಬೇಕು. ನಿನಗೇನು ಕೈ ಅಲುಗಾಡಿಸಬ್ಯಾಡ ಅಂದಾರೇನು?”

ಬೈದುಕೊಳ್ಳುತ್ತಲೇ ನಾಲ್ಕನೆಯದನ್ನು ಬರೆದುಕೊಂಡೆ.

ಹಳೆಯ ಚಿನ್ನ ಕರಗಿಸಿದ ದಿನ ನಾನು ಅವಳ ಪಕ್ಕದಲ್ಲಿದ್ದೆ. ಮೊದಲು ಕಿರುಬೆರಳು ನಿಂತಿತು, ಆಮೇಲೆ ಉಳಿದವು, ಕೊನೆಗೆ ಹೆಬ್ಬೆರಳು. ಮೂರು ವರ್ಷದಿಂದ ಕಿವಿಯಲ್ಲಿದ್ದ ಟಕಟಕ ನಿಂತಾಗ ಕೋಣೆಯಲ್ಲಿ ಏನೋ ಕಳೆದುಹೋದಂತಾಯಿತು. ಅಕ್ಕ ತನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಗೋಡೆಗೆ ಮುಖ ಮಾಡಿ ಅತ್ತಳು. ಆಮೇಲೆ ಮರುದಿನ ಮಧ್ಯಾಹ್ನದವರೆಗೂ ನಿದ್ದೆ ಮಾಡಿದಳು. ಅವಳು ಹಾಗೆ ಮಲಗಿದ್ದನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತು. ನನಗೆ ಹೆದರಿಕೆಯಾಯಿತು.

ಹೊಸ ದ್ರಾವಣ ತುಂಬಿ ನಾಲ್ಕನೆಯ ಔಷಧ ಕೊಟ್ಟೆವು. ಕೈಯನ್ನು ಮರದ ತೊಟ್ಟಿಲಿನಲ್ಲಿಟ್ಟು, ಮೇಲೆ ಒಂದು ಮೆತ್ತನೆಯ ಪಟ್ಟಿ ಬಿಟ್ಟೆವು. “ಅಲ್ಲಾಡಿಸಬ್ಯಾಡ” ಎಂದು ನಾನು ನೂರು ಸಲ ಹೇಳಿದೆ. ಎಳೆ ಕೂರುವಾಗ ಹೊರಗಿನಿಂದ ವಿದ್ಯುತ್ತು ಹರಿಸಿ ಪರೀಕ್ಷಿಸುವಂತಿಲ್ಲ, ಕಣಗಳು ಚದುರುತ್ತವೆ. ಆದ್ದರಿಂದ ಮುಟ್ಟದೆ ಕೇಳಿಸಿಕೊಳ್ಳುವುದಷ್ಟೇ ಕೆಲಸ. ಹನ್ನೊಂದು ದಿನ ತುಂಬುವ ಮೊದಲೇ, ಎಳೆ ತುದಿ ಮುಟ್ಟಿದ ಕೂಡಲೇ, ಬೆರಳಿಗೆ ಸಂಕೇತ ಹೋಗುತ್ತದೆ, ಗಾಜಿನಾಚೆ ನನ್ನ ಕೋಣೆಯ ತೆರೆಯ ಮೇಲೆ ಹಸಿರು ಗೆರೆ ಹಾರುತ್ತದೆ. ಒಂಬತ್ತು ಸಾವಿರ ಕೈಗಳಲ್ಲೂ ಹಾಗೇ ಹಾರಿತ್ತು.

ಆ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ತೆರೆಯ ಮುಂದೆ ಕೂರುವುದು, ಏಳುವುದು, ಅಕ್ಕನ ಬಾಗಿಲಿಗೆ ಹೋಗುವುದು, ವಾಪಸು ಬರುವುದು. ನಡುವೆ ಹಾಕಿಸಿಕೊಂಡ ಚಹಾ ಎಲ್ಲೆಲ್ಲೋ ಆರಿಹೋಗುತ್ತಿತ್ತು. ಮನೆಗೆ ಹೋದರೆ ಅವ್ವ ತಟ್ಟೆ ನನ್ನ ಮುಂದಿಟ್ಟು, ಉಣ್ಣುವವರೆಗೂ ಎದುರಿಗೆ ನಿಂತು, ಒಳಗೆ ಹೋಗುತ್ತಿದ್ದಳು.

ಅಕ್ಕನಿಗೆ ಮಾತ್ರ ಒಂದು ಕೆಲಸ ಸಿಕ್ಕಿತ್ತು. ಕರಗಿದ ಚಿನ್ನ ಕೊಳವೆಯಿಂದ ಎಳ್ಳಷ್ಟು ರಕ್ತಕ್ಕೆ ಸೇರುತ್ತದೆ, ಅದರಿಂದ ಬಾಯಿ ಕೆಡುತ್ತದೆ. ಬೇರೆ ರೋಗಿಗಳಿಗೆ ಅದು ಅರ್ಧ ಗಂಟೆಯ ಮಾತು. ‘ಬಾಯಿ ಕಹಿ’ ಎಂದು ಸುಮ್ಮನಾಗುತ್ತಿದ್ದರು. ಇವಳು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ, ನಾಲಿಗೆ ಅಂಗುಳಕ್ಕೆ ಹಚ್ಚಿ, ವರದಿ ಒಪ್ಪಿಸುತ್ತಿದ್ದಳು. ಮೊದಲ ದಿನ, “ಕಲಾಯಿ ಹೋದ ಹಿತ್ತಾಳಿ ಬೋಗಾಣಿ.” ಮೂರನೇ ದಿನ, “ಹಳೀ ಕೀಲಿಕೈ.” ಆರನೇ ದಿನ, “ತಾಮ್ರದ ಕೊಡದಾಗಿನ ನೀರು.” ಎಂಟನೇ ದಿನ, “ಬರೇ ನೀರು.” ನಾನು ಅವಳ ಖುಷಿಗೆ ಬರೆದುಕೊಳ್ಳುತ್ತಿದ್ದೆ. ಕಣ್ಣು ತೆರೆಯ ಕಡೆಗಿರುತ್ತಿತ್ತು.

ತೆರೆಯ ಮೇಲೆ ಏನೂ ಇರಲಿಲ್ಲ. ಮೊದಲ ದಿನ ಹೇಗೆ ಎಳೆದಿತ್ತೋ ಹಾಗೇ ಗೆರೆ ಸಪಾಟಾಗಿ ಹೋಗುತ್ತಿತ್ತು. ಆರನೆಯ ದಿನ ತಂತಿಗಳನ್ನು ಬದಲಾಯಿಸಿದೆ. ಏಳನೆಯ ದಿನ ಯಂತ್ರವನ್ನೇ ಬದಲಾಯಿಸಿದೆ. ಎಂಟನೆಯ ದಿನ ನನ್ನ ಎರಡನೆಯ ನಳಿಗೆಯನ್ನು ನೆನೆದು, ಅಕ್ಕನ ನಾಲಿಗೆಯ ಮಾತು ಕೇಳಿದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ.

ಒಂಬತ್ತನೆಯ ದಿನ ಮೂರೂಮುಕ್ಕಾಲಿಗೆ ಡಾಕ್ಟರ್ ಜಹೀರುದ್ದೀನ್ ಬಂದು ತೆರೆ ನೋಡಿದರು. ಆಮೇಲೆ ಗಡಿಯಾರ ನೋಡಿದರು.

“ನಿಮ್ಮಕ್ಕ, ನಿಮ್ಮ ಸೀಸೆ. ನೀವೇ ಹೇಳ್ರಿ” ಎಂದರು.

ನಾನು ವಿಟಮಿನ್ ಸಿ ತುಂಬಿದ ಸಿರಿಂಜು ಎತ್ತಿಕೊಂಡು ಒಳಗೆ ಹೋದೆ. ಅವರು ಗಾಜಿನಾಚೆಯೇ ಉಳಿದರು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. “ಅದ್ಯಾಕ ಈಗ? ಚಿನ್ನ ಇಳದದಲ್ಲ.”

“ಇಳದಿಲ್ಲಕ್ಕ. ತೆರಿ ಮ್ಯಾಲ ಒಂದು ಮಿಣಕ್ ಸೈತ ಇಲ್ಲ.”

“ಬಾಯಾಗ ರುಚಿ ಹೋಗ್ಯದ. ನೀರಾಗ ಚಿನ್ನ ಇದ್ರ ನಂಗ ಗೊತ್ತಾಗ್ತಿತ್ತು.”

“ಸೋರಿ ಹೋಗಿದ್ರೂ ರುಚಿ ಹೋಗ್ತದ. ಹೋಗಿರಬೇಕು ಅಂತೇ ನನ್ನ ಹೆದರಿಕಿ. ಸ್ವಲ್ಪ ಉಳದಿದ್ರ ಅದನ್ನರೇ ಹಿಡೀತೀನಿ, ತಡಿ.”

“ಸೋರಿದ್ರ ಎಲ್ಲಾ ರಕ್ತಕ್ಕೇ ಬರ್ತಿತ್ತು. ಮೊದಲು ರುಚಿ ಜಾಸ್ತಿ ಆಗಿ ಆಮ್ಯಾಲ ಹೋಗ್ತಿತ್ತು. ಇದು ಒಂದಿನಾನೂ ಜಾಸ್ತಿ ಆಗಿಲ್ಲ ನೀಲಿ. ದಿನಾ ಜರಾ ಜರಾ ಇಳದದ. ನೀನೇ ಬರಕೊಂಡೀಯಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ರಸಾಯನ ಓದಿದವಳು ನಾನು, ಅದನ್ನು ಹೇಳಬೇಕಾಗಿದ್ದವಳೂ ನಾನು. ಆದರೆ ಗಾಜಿನಾಚೆ ಹಸಿರು ಗೆರೆ ಸಪಾಟಾಗಿ ಹೋಗುತ್ತಲೇ ಇತ್ತು, ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷವಿತ್ತು. ಮೂರು ವರ್ಷದ ಹಿಂದೆಯೂ ನನ್ನೊಳಗೆ ಇದೇ ಧಾವಂತವಿತ್ತು. ಏನಾದರೂ ಮಾಡು, ಈಗಲೇ ಮಾಡು, ಸತ್ತ ಕೈ ನೋಡುತ್ತ ಕೂರಬೇಡ. ಸಿರಿಂಜನ್ನು ಅವಳ ಭುಜದ ಹತ್ತಿರ ಔಷಧ ಹಾಕುವ ನಳಿಕೆಗೆ ಸೇರಿಸಿದೆ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ನನ್ನ ಹೆಬ್ಬೆರಳು ಸಿರಿಂಜಿನ ಹಿಡಿಕೆಯ ಮೇಲಿತ್ತು.

ಯಾರೋ ನನ್ನ ಮಣಿಕಟ್ಟು ಹಿಡಿದರು. ಡಾಕ್ಟರು ಮನಸ್ಸು ಬದಲಿಸಿ ಒಳಗೆ ಬಂದರು ಎಂದುಕೊಂಡೆ. ಹಿಡಿತ ಬಿಗಿಯಾಗಿರಲಿಲ್ಲ, ತೊಟ್ಟಿಲ ಮಗುವನ್ನು ಹಿಡಿದ ಹಾಗೆ ಇತ್ತು. ಕಣ್ಣು ಒರೆಸಿಕೊಂಡು ನೋಡಿದರೆ ಆ ಕೈಯ ಮೊಣಕೈಯ ಮೇಲೆ ಗಾಜಿನ ಗಾಯದ ಉದ್ದ ಗೆರೆಯಿತ್ತು. ಮರದ ತೊಟ್ಟಿಲು ಖಾಲಿಯಾಗಿತ್ತು. ಪಟ್ಟಿ ಪಕ್ಕಕ್ಕೆ ಬಿದ್ದಿತ್ತು.

ಗಾಜಿನಾಚೆ ಡಾಕ್ಟರ್ ಜಹೀರುದ್ದೀನ್ ತೆರೆಗೆ ಮುಖ ಹಚ್ಚಿ ನಿಂತಿದ್ದರು. ಅದರ ಮೇಲೆ ಗೆರೆ ಒಂದೇ ಸಲ ಎದ್ದು, ಚೊಕ್ಕವಾಗಿ ಇಳಿದು, ಮತ್ತೆ ಸಪಾಟಾಗಿತ್ತು.

“ಯಾವಾಗಿಂದ?” ಎಂದೆ.

“ನಿನ್ನಿಯಿಂದ ಬೆರಳಿನ ತುದಿಗೆ ಪಟ್ಟಿ ತಾಕಿದ್ದು ಗೊತ್ತಾಗ್ಲಾಕತ್ತದ.”

“ಮತ್ಯಾಕ ಎತ್ತಲಿಲ್ಲ?”

“ಅಲ್ಲಾಡಿಸಬ್ಯಾಡ ಅಂತ ನೀನೇ ಅಂದಿದ್ದಿ. ನಾ ಅಲ್ಲಾಡಿಸಲಿಲ್ಲ, ಅದೂ ಅಲ್ಲಾಡಲಿಲ್ಲ. ಎತ್ತು ಅಂತ ಯಾರರೇ ಒಮ್ಮೆ ಹೇಳಿದ್ರೇನು?”

ಯಾರೂ ಹೇಳಿರಲಿಲ್ಲ. ಒಂಬತ್ತು ಸಾವಿರ ಕೈಗಳನ್ನು ನೋಡಿದವರು ನಾವು. ಎಲ್ಲವೂ ತಾವೇ ಕುಣಿದು ಎದ್ದಿದ್ದವು. ಜೀವ ಇರುವ ಕೈ ಹೇಳದೆ ಅಲುಗುವುದಿಲ್ಲ ಎಂಬುದನ್ನೇ ನರಾಲಯದಲ್ಲಿ ಎಲ್ಲರೂ ಮರೆತಿದ್ದೆವು. ಸಪಾಟು ಗೆರೆಯನ್ನು ಕಂಡು ಸತ್ತಿದೆ ಎಂದುಕೊಂಡು, ನಾನು ಅದರ ಮೇಲೆ ಮತ್ತೊಮ್ಮೆ ಅದೇ ತಪ್ಪು ಸುರಿಯಲು ನಿಂತಿದ್ದೆ.

ಅಕ್ಕ ಎಡಗೈಯಿಂದ ಸಿರಿಂಜನ್ನು ಬಿಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ನಾನು ತೆರೆ ನೋಡಲು ಬಾಗಿಲ ಕಡೆಗೆ ಹೊರಟೆ. ಅವಳ ಬಲಗೈ ನನ್ನ ಕೈಯನ್ನು ಬಿಟ್ಟಿರಲಿಲ್ಲ.

“ಸುಮ್ಮ ಕೂಡು ಜರಾ” ಎಂದಳು.

ಕೂತೆ. ನನ್ನ ಬೆರಳುಗಳು ಅವಳ ಅಂಗೈಯೊಳಗೆ ಇನ್ನೂ ಟಕಟಕ ನಡುಗುತ್ತಿದ್ದವು. ಅವಳವು ನಡುಗುತ್ತಿರಲಿಲ್ಲ.